ಕೇಳಿ ಬಡಿಸುವ ಕರೆಂಟು

ನನಗೆ ಕರೆಂಟ್ ಕಂಡರೆ ಭಯ. ಬೇರೆ ಯಾರಾದರೂ ಹೀಗೆ ಹೇಳಿಕೊಂಡರೆ ಅದರಲ್ಲಿ ವಿಶೇಷವೇನಿಲ್ಲ. ಆದರೆ ನಾನು ಹೊಟ್ಟೆ ಹೊರೆದದ್ದೇ ವೈರುಗಳಿಂದ. ಕಡಕೊಳದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಮನೆಯಲ್ಲಿ ಬಲ್ಬು ಬದಲಿಸಬೇಕಾದರೆ ಮಾತ್ರ ಹೆಂಡತಿ ಸ್ಟೂಲು ಹತ್ತುತ್ತಾಳೆ, ನಾನು ಕೆಳಗೆ ಸ್ಟೂಲು ಹಿಡಿದುಕೊಂಡು ಧೈರ್ಯ ಹೇಳುತ್ತೇನೆ. ದಟ್ಟಗಳ್ಳಿಯ ನಮ್ಮ ಬೀದಿಯವರಿಗೆ ಈ ಗುಟ್ಟು ಗೊತ್ತಿಲ್ಲ. ಕೆಟ್ಟ ಮಿಕ್ಸಿ, ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ಬಂದುಬಿಡುತ್ತಾರೆ. "ನೀವು ವೈರಿನ ಕೆಲಸದೋರಲ್ವಾ ಸಾರ್, ಒಸಿ ನೋಡಿ" ಅನ್ನುತ್ತಾರೆ. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಕಾಯಿಲ್ ಹೋಗಿರಬೇಕು" ಎಂದು ಗಂಭೀರವಾಗಿ ಹೇಳಿ ಕಳಿಸುತ್ತೇನೆ. ಎಲ್ಲ ಯಂತ್ರಗಳಲ್ಲೂ ಎಲ್ಲೋ ಒಂದು ಕಡೆ ಕಾಯಿಲ್ ಇದ್ದೇ ಇರುತ್ತದೆ ಎಂಬುದು ನನ್ನ ನಂಬಿಕೆ.

ನಾನು ಹಿಡಿದ ವೈರುಗಳು ಹೊಡೆಯುವ ಜಾತಿಯವಲ್ಲ. ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಸೇರಿದಾಗ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದದ್ದು ಟಿವಿಗೆ ಹಾಕುವಂಥ ದುಂಡನೆಯ ಕಪ್ಪು ಕೇಬಲ್ಲಿನಿಂದ. ಒಂದೇ ಕೇಬಲ್ಲು ಎಲ್ಲರ ಮೇಜಿನ ಹಿಂದೆಯೂ ಹಾದುಹೋಗುತ್ತಿತ್ತು. ಊಟದ ನಂತರ ಲೆಕ್ಕಪತ್ರ ವಿಭಾಗದವರು ಯಾರಾದರೂ ಸುಖವಾಗಿ ಕಾಲು ಚಾಚಿದರೆ ಎಲ್ಲೋ ಒಂದು ಕಡೆ ಸಡಿಲವಾಗಿ ಇಡೀ ಆಫೀಸು ಮೂಕವಾಗುತ್ತಿತ್ತು. ಆಗ ನಾನು ಮೇಜುಗಳ ಅಡಿಯಲ್ಲಿ ನಾಲ್ಕು ಕಾಲಿನಲ್ಲಿ ಸಂಚಾರ ಹೊರಡುತ್ತಿದ್ದೆ. ಯಾರು ಹರಿದ ಕಾಲುಚೀಲ ಹಾಕುತ್ತಾರೆ, ಯಾರು ಚಪ್ಪಲಿ ಬಿಟ್ಟು ಕೂರುತ್ತಾರೆ ಎಂಬುದೆಲ್ಲ ಆ ಕಾಲದಲ್ಲಿ ನನಗೆ ಬಾಯಿಪಾಠವಾಗಿತ್ತು.

ಆಮೇಲೆ ಎಂಟೆಳೆಯ ಕೇಬಲ್ ಬಂತು. ಒಳಗೆ ಎಂಟು ಸಣ್ಣ ತಂತಿಗಳು, ಎರಡೆರಡನ್ನು ಸೇರಿಸಿ ಹೊಸೆದದ್ದು, ಒಂದೊಂದಕ್ಕೂ ಒಂದೊಂದು ಬಣ್ಣ. ಆ ಎಂಟರಲ್ಲಿ ನಿಜವಾಗಿ ದುಡಿಯುತ್ತಿದ್ದದ್ದು ನಾಲ್ಕೇ. ಮಿಕ್ಕ ನಾಲ್ಕು ಮದುವೆಮನೆಯ ದೂರದ ನೆಂಟರ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಈ ಕೇಬಲ್ಲಿನ ಮೇಲೆ ನನಗೆ ಸೋದರವಾತ್ಸಲ್ಯವೇ ಹುಟ್ಟಿತ್ತು. ಮಾತು ಹೊತ್ತೊಯ್ಯುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಅವಸರಕ್ಕೆ ಹಲ್ಲಿನಿಂದ ಅದರ ಸಿಪ್ಪೆ ಸುಲಿದಿದ್ದೇನೆ. ಅದೇ ಧೈರ್ಯವನ್ನು ಮನೆಯ ಫ್ಯಾನಿನ ವೈರಿನ ಮೇಲೆ ತೋರಿಸಿದ್ದರೆ ಈ ಪ್ರಬಂಧ ಬರೆಯಲು ನಾನಿರುತ್ತಿರಲಿಲ್ಲ.

ಹೀಗಿರುವಾಗ, ಹೊಸ ಶತಮಾನ ಹುಟ್ಟಿ ಒಂದಷ್ಟು ವರ್ಷವಾದ ಮೇಲೆ, ಯಾರೋ ಬುದ್ಧಿವಂತರು ಸುಮ್ಮನೆ ಕೂತ ಆ ನಾಲ್ಕು ಎಳೆಗಳನ್ನು ನೋಡಿದರು. ಇವಕ್ಕೂ ಒಂದು ಕೆಲಸ ಹಚ್ಚೋಣ, ಇವುಗಳಲ್ಲಿ ಕರೆಂಟು ಕಳಿಸೋಣ ಎಂದರು. ಒಂದೇ ಕೇಬಲ್ಲಿನಲ್ಲಿ ಮಾತೂ ಹೋಗುತ್ತದೆ, ಮಾತಾಡಲು ಬೇಕಾದ ಶಕ್ತಿಯೂ ಹೋಗುತ್ತದೆ. ಆ ಕಡೆಯ ಕ್ಯಾಮೆರಾಕ್ಕೋ ಫೋನಿಗೋ ಬೇರೆ ಪ್ಲಗ್ಗು ಬೇಡ. ಸುದ್ದಿ ಓದಿ ಲೋಕವೆಲ್ಲ ಸಂತೋಷಪಟ್ಟಿತಂತೆ. ನನಗಂತೂ ಸಾಧು ಸ್ವಭಾವದ ಸ್ನೇಹಿತನೊಬ್ಬ ರಾತ್ರೋರಾತ್ರಿ ಪೊಲೀಸ್ ಇಲಾಖೆಗೆ ಸೇರಿದ ಹಾಗಾಯಿತು.

ನಮ್ಮ ಕಾರ್ಖಾನೆಯಲ್ಲಿ ಇದು ಮೊದಲು ಬಂದದ್ದು ಗೇಟಿನ ಕ್ಯಾಮೆರಾದ ರೂಪದಲ್ಲಿ. ಗೇಟಿನ ಹತ್ತಿರ ಪ್ಲಗ್ ಪಾಯಿಂಟ್ ಇರಲಿಲ್ಲ. ಒಂದೇ ಕೇಬಲ್ ಎಳೆದು ಕ್ಯಾಮೆರಾ ತೂಗುಹಾಕಿ ಕಣ್ಣು ಬಿಡಿಸಿದೆವು. ಎಲೆಕ್ಟ್ರಿಕಲ್ ವಿಭಾಗದ ಸೂಪರ್‌ವೈಸರ್ ರಾಚಪ್ಪನವರು ಬಂದು ನಿಂತು ನೋಡಿದರು. ಜೇಬಿನಿಂದ ಟೆಸ್ಟರ್ ತೆಗೆದು ಕೇಬಲ್ಲಿನ ತುದಿಗೆ ಇಟ್ಟರು. ದೀಪ ಹತ್ತಲಿಲ್ಲ. ಅಷ್ಟು ಕಡಿಮೆ ವೋಲ್ಟೇಜಿಗೆ ಅದು ಹತ್ತುವುದೂ ಇಲ್ಲ.

"ಇದ್ರಲ್ಲಿ ಕರೆಂಟ್ ಇಲ್ಲ" ಅಂದರು.

"ಇದೆ ಸಾರ್. ಕ್ಯಾಮೆರಾ ಓಡ್ತಾ ಇದೆಯಲ್ಲ" ಅಂದೆ.

ಅವರು ಟೆಸ್ಟರನ್ನು ಜೇಬಿಗೆ ಸೇರಿಸುತ್ತ ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ. "ಅಂಗಾದ್ರೆ ಈ ವೈರು ನಿಮ್ದಾ, ನಮ್ದಾ?" ಕರೆಂಟ್ ಇದ್ದರೆ ಅದು ಅವರ ವಿಭಾಗದ್ದು, ಮಾತು ಇದ್ದರೆ ನನ್ನದು. ಎರಡೂ ಇರುವ ವೈರನ್ನು ಯಾರ ಹೆಸರಿಗೆ ಬರೆಯುವುದು? ಮ್ಯಾನೇಜರ ಬಳಿ ಪಂಚಾಯಿತಿ ನಡೆದು ಇಬ್ಬರದೂ ಎಂದು ತೀರ್ಮಾನವಾಯಿತು. ಪರಿಣಾಮವಾಗಿ ಕ್ಯಾಮೆರಾದ ಗಾಜಿನ ಮೇಲೆ ಜೇಡ ಬಲೆ ಕಟ್ಟಿದಾಗ ಇಬ್ಬರೂ ಒರೆಸಲಿಲ್ಲ. ಗೇಟಿನಲ್ಲಿ ಬಂದುಹೋದವರೆಲ್ಲ ಬಹಳ ದಿನ ಬಲೆಯೊಳಗಿನಿಂದಲೇ ಕಾಣಿಸಿಕೊಂಡರು.

ಕ್ಯಾಮೆರಾ ಕಂಪನಿ ಕಳಿಸಿದ್ದ ಪುಸ್ತಕವನ್ನು ಓದುವಾಗ ನನ್ನ ಭಯ ಸ್ವಲ್ಪ ಇಳಿಯಿತು. ಅದರಲ್ಲಿ ಬರೆದಿದ್ದ ಒಂದು ಸಂಗತಿ ಬಹಳ ಹಿಡಿಸಿತು. ಈ ಕೇಬಲ್ಲಿಗೆ ಕರೆಂಟ್ ಕೊಡುವ ಪೆಟ್ಟಿಗೆ ಸುಮ್ಮನೆ ಕೊಡುವುದಿಲ್ಲ. ಮೊದಲು ಒಂದು ಚೂರು, ಇರುವೆ ಕಚ್ಚಿದಷ್ಟೂ ಇಲ್ಲದ ಒತ್ತಡವನ್ನು ಕಳಿಸಿ, ಆ ತುದಿಯಲ್ಲಿರುವುದು ಕರೆಂಟ್ ತೆಗೆದುಕೊಳ್ಳುವ ಸಾಮಾನು ಹೌದೇ ಎಂದು ವಿಚಾರಿಸುತ್ತದೆ. ಹೌದು ಎಂಬ ಉತ್ತರ ಸರಿಯಾದ ರೀತಿಯಲ್ಲಿ ಬಂದರೆ ಮಾತ್ರ ಕೊಡುತ್ತದೆ. ಉತ್ತರ ಬರದಿದ್ದರೆ, ತಪ್ಪಾಗಿ ಬಂದರೆ, ಸುಮ್ಮನಿದ್ದು ಮತ್ತೆ ಕೇಳುತ್ತದೆ. ಮೈಸೂರಿನ ಹಳೆಯ ಮನೆಗಳಲ್ಲಿ ಪಂಕ್ತಿಯಲ್ಲಿ ಬಡಿಸುವವರ ಕ್ರಮವೂ ಇದೇ. ಎಲೆಯ ಮುಂದೆ ಬಗ್ಗಿ, ಸೌಟನ್ನು ಮೇಲೇ ಹಿಡಿದು, "ಒಂಚೂರು ಬಡಿಸ್ಲಾ?" ಅನ್ನುತ್ತಾರೆ. ನೀವು ಎಲೆಗೆ ಕೈ ಅಡ್ಡ ಹಿಡಿದರೆ ಮುಂದಕ್ಕೆ ಹೋಗುತ್ತಾರೆ. ಮನೆಯ ಗೋಡೆಯ ಪ್ಲಗ್ಗಿನ ಕರೆಂಟಿಗೆ ಈ ಸಂಸ್ಕಾರವಿಲ್ಲ. ಬೆರಳಿಟ್ಟವರು ಯಾರು, ಎತ್ತ ಎಂದು ಕೇಳದೆ ಪೂರ್ತಿ ಸುರಿದುಬಿಡುತ್ತದೆ. ನನ್ನ ಭಯಕ್ಕೆ ಕಾರಣ ಅದರ ಶಕ್ತಿಯಲ್ಲ, ಅದರ ಅವಸರ ಎಂದು ಆಗ ತಿಳಿಯಿತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನಮ್ಮ ದೊಡ್ಡಮ್ಮನ ವಿಷಯಕ್ಕೆ ಬರುವುದಕ್ಕಾಗಿ. ಗೌರಮ್ಮ ನನ್ನ ತಾಯಿಯ ಅಕ್ಕ. ಅವರ ಮನೆ ಮಂಡಿ ಮೊಹಲ್ಲಾದಲ್ಲಿ. ಮುಂದೆ ಗ್ರಂಧಿಗೆ ಅಂಗಡಿ, ವಿಭೂತಿ ಗಟ್ಟಿ, ಕರ್ಪೂರ, ಸಾಂಬ್ರಾಣಿಯ ಸಗಟು ವ್ಯಾಪಾರ. ಹಿಂದೆ ಉದ್ದಕ್ಕೆ ಮನೆ. ಅಂಗಡಿ ನಡೆಸುವುದು ಅವರ ಮಗ ಮಹದೇವಣ್ಣ. ಅಂಗಡಿ, ಅಂಗಳ, ನಡುಮನೆ, ಅಡಿಗೆಮನೆ ದಾಟಿದರೆ ಕೊನೆಗೆ ಕಿಟಕಿಯೇ ಇಲ್ಲದ ಒಂದು ಕೋಣೆ. ಅದು ದೊಡ್ಡಮ್ಮನ ಬತ್ತಿ ಕೋಣೆ. ಅರಳೆಯನ್ನು ಬಿಡಿಸಿ, ಬೀಜ ಆರಿಸಿ, ತೊಡೆಯ ಮೇಲೆ ದೀಪದ ಬತ್ತಿ ಹೊಸೆಯುತ್ತ ಅವರು ಹಗಲೆಲ್ಲ ಅಲ್ಲಿ ಕೂರುತ್ತಿದ್ದರು. ಗಾಳಿ ಆಡುವ ಕಡೆ ಈ ಕೆಲಸ ಸಾಗುವುದಿಲ್ಲ, ಅರಳೆ ಹಾರಿಹೋಗುತ್ತದೆ. ಬೀದಿಯ ಕಡೆ ಕೂತರೆ ಧೂಳು ಸೇರಿ ಬತ್ತಿ ಚಟಪಟ ಅನ್ನುತ್ತದೆ. ಹೀಗಾಗಿ ಆ ಕೋಣೆಯೇ ಆಗಬೇಕು. ಅವರು ಮದುವೆಯಾಗಿ ಬಂದ ವರ್ಷದಿಂದ ಮನೆತನದ ಮಠಕ್ಕೆ ಕಾರ್ತಿಕ ಮಾಸದ ದೀಪಗಳಿಗೆ ಹೋಗುತ್ತಿದ್ದದ್ದು ಅವರು ಹೊಸೆದ ಬತ್ತಿಯೇ.

ಸಾವಿರಾರು ದೀಪಕ್ಕೆ ಬತ್ತಿ ಹೊಸೆಯುವ ಆ ಕೋಣೆಯಲ್ಲಿ ಒಂದು ಬಲ್ಬು ಇರಲಿಲ್ಲ. ಹಿಂದೆ ಇತ್ತು. ಮಹದೇವಣ್ಣ ಹುಡುಗನಾಗಿದ್ದಾಗ ವೈರಿನ ಹುಚ್ಚು ಹಚ್ಚಿಕೊಂಡಿದ್ದವನು. ರೇಡಿಯೋ ಬಿಚ್ಚುವುದು, ಗಣೇಶನ ಪೆಂಡಾಲಿಗೆ ಮಿಣಿಮಿಣಿ ದೀಪ ಕಟ್ಟುವುದು ಎಲ್ಲ ಅವನೇ. ಅಮ್ಮನಿಗೆ ಅನುಕೂಲವಾಗಲಿ ಎಂದು ಆ ಕೋಣೆಗೆ ತಾನೇ ವೈರು ಎಳೆದು ಹಿತ್ತಾಳೆಯ ಹೋಲ್ಡರಿನಲ್ಲಿ ಬಲ್ಬು ಹಾಕಿದ. ಒಳಗೆ ಒಂದು ತಂತಿ ಹೋಲ್ಡರಿಗೆ ತಗುಲಿದ್ದು ಅವನಿಗೆ ಕಾಣಲಿಲ್ಲ. ಮಾರನೆಯ ದಿನ ದೊಡ್ಡಪ್ಪ ಸ್ನಾನ ಮಾಡಿ ಒದ್ದೆ ಕೈಯಲ್ಲಿ ಅದನ್ನು ಮುಟ್ಟಿದರು. ಜೀವ ಉಳಿಯಿತು. ಬಲಗೈಯ ಬೆರಳುಗಳು ಮಾತ್ರ ಮತ್ತೆ ಸರಿಯಾಗಿ ಮಡಚಲಿಲ್ಲ. ದೊಡ್ಡಪ್ಪ ಅದನ್ನು ಮನಸ್ಸಿಗೇ ಹಚ್ಚಿಕೊಳ್ಳದೆ, ಎಡಗೈಯಲ್ಲಿ ತಕ್ಕಡಿ ಹಿಡಿದು ಇನ್ನೂ ಬಹಳ ವರ್ಷ ವ್ಯಾಪಾರ ಮಾಡಿ, ವಯಸ್ಸಾಗಿ ಹೋದರು.

ದೊಡ್ಡಮ್ಮ ಮಗನಿಗೆ ಒಂದು ಮಾತೂ ಬಯ್ಯಲಿಲ್ಲ. "ಈ ಕೋಣೆಗೆ ಇನ್ನು ಕರೆಂಟ್ ಬೇಡ" ಅಂದರು, ಅಷ್ಟೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ವೈರು ಕಿತ್ತದ್ದಾಯಿತು. ಮಹದೇವಣ್ಣ ಅಂದಿನಿಂದ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಸೀಮೆಎಣ್ಣೆ ಲ್ಯಾಂಪಿನ ಗಾಜನ್ನು ತಾನೇ ಬೂದಿ ಹಚ್ಚಿ ಒರೆಸಿ, ಹಚ್ಚಿ ತಂದು ಅಮ್ಮನ ಪಕ್ಕ ಇಟ್ಟು ಹೋಗುತ್ತಿದ್ದ. ಹೆಂಡತಿಯ ಕೈಗೆ ಕೂಡ ಆ ಕೆಲಸ ಬಿಟ್ಟುಕೊಡುತ್ತಿರಲಿಲ್ಲ. ದೀಪ ಇಡುವಾಗ ಅವನೂ ಮಾತಾಡುತ್ತಿರಲಿಲ್ಲ, ಅವರೂ ತಲೆ ಎತ್ತುತ್ತಿರಲಿಲ್ಲ. ಬೇರೆ ವಿಷಯಗಳಲ್ಲಿ ತಾಯಿ ಮಗ ಚೆನ್ನಾಗಿಯೇ ಇದ್ದರು. ಅಂಗಡಿಯ ಮಾತು, ಅಡಿಗೆಯ ಮಾತು, ನೆಂಟರ ಮಾತು ಎಲ್ಲ ಸರಾಗ. ಆ ಒಂದು ಕೋಣೆಯ ಹೊಸ್ತಿಲಲ್ಲಿ ಮಾತ್ರ ಇಬ್ಬರ ಬಾಯಿಯೂ ಕಟ್ಟುತ್ತಿತ್ತು.

ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಡಾಕ್ಟರು, "ಒಳ್ಳೆ ಬೆಳಕಲ್ಲಿ ಕೂತು ಮಾಡಿ, ಇಲ್ಲವೇ ಈ ಕೆಲಸ ಬಿಟ್ಬಿಡಿ" ಅಂದರು. ದೊಡ್ಡಮ್ಮ ಎರಡನ್ನೂ ಮಾಡಲಿಲ್ಲ. ಅದೇ ಲ್ಯಾಂಪು, ಅದೇ ಕೋಣೆ. ಬತ್ತಿಗಳು ಒಂದು ದಪ್ಪ ಒಂದು ತೆಳ್ಳಗೆ ಆಗತೊಡಗಿದವು. ಆ ವರ್ಷ ಕಾರ್ತಿಕಕ್ಕೆ ಇನ್ನೂ ಒಂದೆರಡು ತಿಂಗಳಿರುವಾಗ ಮಠದ ದೀಪದ ಉಸ್ತುವಾರಿಯವರು ಅಂಗಡಿಗೆ ಬಂದರು. ಬಹಳ ಗೌರವಸ್ಥರು, ಬಹಳ ಪ್ರೀತಿಯಿಂದಲೇ ಹೇಳಿದರು: "ಅಮ್ಮೋರೆ, ಹೋದ ಸಲ ಕೆಲವು ಬತ್ತಿ ನಿಲ್ಲಲಿಲ್ಲ. ಈ ಸಲ ಪ್ಯಾಕೆಟ್ಟಿನ ಬತ್ತಿನೇ ತರಿಸ್ತೀವಿ. ನೀವು ಆಯಾಸ ಮಾಡ್ಕೋಬೇಡಿ." ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟು, "ಒಂದಷ್ಟು ಹೊಸೆದು ಕಳಿಸ್ತೀನಿ, ನೋಡಿ. ಸರಿ ಇಲ್ದಿದ್ರೆ ಬೇಡ ಅನ್ನಿ" ಎಂದರು. ಅವರು ಹೋದ ಮೇಲೆ ಕೋಣೆಗೆ ಹೋಗಿ, ಅರಳೆ ಮುಟ್ಟದೆ ಸುಮ್ಮನೆ ಕೂತುಬಿಟ್ಟರಂತೆ. ಮಹದೇವಣ್ಣ ತನ್ನ ಅಂಗಡಿಯಲ್ಲೇ ಮಾರುತ್ತಿದ್ದ ಯಂತ್ರದ ಬತ್ತಿಯ ಪ್ಯಾಕೆಟ್ಟುಗಳನ್ನು ಅಂದು ಅಮ್ಮನ ಕಣ್ಣಿಗೆ ಬೀಳದಂತೆ ಗಲ್ಲಾದ ಅಡಿಗೆ ತಳ್ಳಿದ.

ನನಗೆ ಫೋನ್ ಬಂತು. "ನೀನು ಒಂದ್ ಸಲ ಹೇಳಿ ನೋಡಪ್ಪ" ಅಂದ ಮಹದೇವಣ್ಣ. "ನನ್ ಬಾಯಲ್ಲಿ ಅಮ್ಮನ ಮುಂದೆ ಕರೆಂಟ್ ಅನ್ನೋ ಮಾತೇ ಬರಲ್ಲ ಕಣೋ." ನಡುಮನೆಗೆ ಬಂದು ಕೂರಲು ಹೇಳಿದ್ದಾಗಿತ್ತು; ಫ್ಯಾನು ಆರಿಸಿದರೆ ಮೊಮ್ಮಕ್ಕಳು ಬೆವರುತ್ತಾರೆ ಎಂದು ಅವರೇ ಎದ್ದುಹೋಗಿದ್ದರು. ಚಾರ್ಜ್ ಮಾಡುವ ಎಮರ್ಜೆನ್ಸಿ ಲ್ಯಾಂಪು ತಂದದ್ದಾಗಿತ್ತು. ಅದು ತನ್ನ ಹೆಸರಿಗೆ ತಕ್ಕಂತೆ ತುರ್ತಿಗೆ ಮಾತ್ರ, ದಿನವಿಡೀ ದುಡಿಯುವ ಜಾಯಮಾನ ಅದರದ್ದಲ್ಲ. ನನಗೆ ಗೇಟಿನ ಕ್ಯಾಮೆರಾ ನೆನಪಾಯಿತು. ಅಂಗಡಿಯಲ್ಲಿ ಬಿಲ್ಲು ಹಾಕುವ ಕಂಪ್ಯೂಟರಿಗೆ ಒಂದು ಯುಪಿಎಸ್ ಇತ್ತು. ಅದರ ಪಕ್ಕದಲ್ಲಿ ಕೇಬಲ್ಲಿಗೆ ಕರೆಂಟ್ ಕೊಡುವ ಪೆಟ್ಟಿಗೆ ಇಟ್ಟು, ಅಂಗಡಿಯಿಂದ ಬತ್ತಿ ಕೋಣೆಯವರೆಗೆ ಎಂಟೆಳೆಯ ಕೇಬಲ್ ಎಳೆದು, ಆ ತುದಿಗೆ ಪೆಟ್ಟಿಗೆಯ ಪ್ರಶ್ನೆಗೆ ಉತ್ತರ ಹೇಳುವ ಒಂದು ಸಣ್ಣ ಡಬ್ಬಿ, ಅದಕ್ಕೆ ಪುಟ್ಟ ಪುಟ್ಟ ಬಿಳಿ ದೀಪಗಳ ಒಂದು ಪಟ್ಟಿ ಹಾಕಿದರೆ ಆಯಿತು. ಮಾತು ಹೊರಲೆಂದೇ ಹುಟ್ಟಿದ ಕೇಬಲ್ಲಿಗೆ ಇಲ್ಲಿ ಹೊರಲು ಯಾವ ಮಾತೂ ಇರಲಿಲ್ಲ, ಬರೀ ಬೆಳಕು.

"ಇದು ಕರೆಂಟಲ್ಲ ದೊಡ್ಡಮ್ಮ, ಕಂಪ್ಯೂಟರ್ ವೈರು" ಎಂದು ಹೇಳಿ ಕೆಲಸ ಮುಗಿಸಬಹುದಿತ್ತು. ಅತ್ತಿಗೆಯ ಸಲಹೆಯೂ ಅದೇ ಆಗಿತ್ತು. ಆದರೆ ದೊಡ್ಡಮ್ಮನಿಗೆ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ. ಅವರು ಅರಳೆಯಲ್ಲಿ ಬೀಜ ಹುಡುಕುವ ಹಾಗೆ ಮುಖ ನೋಡುತ್ತಾರೆ. ನಿಜವನ್ನೇ ಹೇಳಿದೆ. ಇದರಲ್ಲೂ ಕರೆಂಟ್ ಇದೆ, ಸ್ವಲ್ಪ ಇದೆ, ಅದೇನೂ ಹೊಸದಲ್ಲ, ನಿಮ್ಮ ಫೋನಿನ ವೈರಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಕರೆಂಟ್ ಮೊದಲಿನಿಂದಲೂ ಹರಿಯುತ್ತಿದೆ, ಊರಲ್ಲಿ ಕರೆಂಟ್ ಹೋದಾಗಲೂ ಫೋನ್ ಮಾತಾಡುವುದು ಅದಕ್ಕೇ, ಎಕ್ಸ್‌ಚೇಂಜಿನವರು ಅಲ್ಲಿಂದಲೇ ಬ್ಯಾಟರಿಯಿಂದ ಉಣಿಸುತ್ತಾರೆ ಎಂದು ಉಪನ್ಯಾಸವನ್ನೇ ಕೊಟ್ಟೆ.

ಉಪನ್ಯಾಸದ ಪರಿಣಾಮ ಅಂದೇ ಗೊತ್ತಾಯಿತು. ದೊಡ್ಡಮ್ಮ ಫೋನನ್ನು ನಂಬುವುದು ಬಿಟ್ಟರು. ಗಂಟೆ ಹೊಡೆದರೆ ರಿಸೀವರನ್ನು ಸೆರಗಿನ ತುದಿಯಿಂದ ಹಿಡಿದು ಎತ್ತುವುದು, ಕಿವಿಯಿಂದ ಒಂದು ಗೇಣು ದೂರ ಹಿಡಿಯುವುದು, "ಬೇಗ ಹೇಳಿ, ಇದ್ರಲ್ಲಿ ಕರೆಂಟ್ ಬತ್ತದಂತೆ" ಎಂದು ಆ ಕಡೆಯವರನ್ನೂ ಎಚ್ಚರಿಸುವುದು. ನಂಜನಗೂಡಿನ ಅವರ ನಾದಿನಿಯಂತೂ ಹೆದರಿ ಒಂದಷ್ಟು ದಿನ ಫೋನೇ ಮಾಡಲಿಲ್ಲವಂತೆ. "ನೀನು ಕೋಣೆಗೆ ದೀಪ ತರ್ತೀಯ ಅಂದ್ರೆ, ಇರೋ ಫೋನೂ ಕಳೆದ್ಯಲ್ಲೋ" ಎಂದು ಮಹದೇವಣ್ಣ ತಲೆಯ ಮೇಲೆ ಕೈ ಹೊತ್ತ. ಸತ್ಯ ಹೇಳುವವರಿಗೆ ಸ್ವಲ್ಪ ಸಂಕ್ಷೇಪವೂ ತಿಳಿದಿರಬೇಕು.

ಆದರೂ ದೊಡ್ಡಮ್ಮನ ತಲೆಯಲ್ಲಿ ಏನೋ ಓಡುತ್ತಿತ್ತು. ಮುಂದಿನ ಭಾನುವಾರ ಹೋದಾಗ ತಾವೇ ತೆಗೆದರು. "ಫೋನು ಇಷ್ಟು ವರ್ಷದಿಂದ ಐತೆ. ಯಾರಿಗೂ ಏನೂ ಮಾಡ್ಲಿಲ್ವಲ್ಲ, ಯಾಕೆ?"

ಆಗ ನಾನು ವೋಲ್ಟೇಜಿನ ಮಾತು ಬಿಟ್ಟು, ನನಗೆ ಹಿಡಿಸಿದ್ದ ಆ ಸಂಗತಿ ಹೇಳಿದೆ. ನಾನು ತರುವ ಪೆಟ್ಟಿಗೆ ಫೋನಿಗಿಂತಲೂ ಒಳ್ಳೆಯದು, ಮೊದಲು ಕೇಳಿ, ಉತ್ತರ ಬಂದ ಮೇಲೆ ಕೊಡುತ್ತದೆ ಎಂದೆ. ದೊಡ್ಡಮ್ಮ ಹೊಸೆಯುವುದನ್ನು ನಿಲ್ಲಿಸಿದರು.

"ಕೇಳಿ ಬಡಿಸುತ್ತಾ?"

"ಹೂಂ ದೊಡ್ಡಮ್ಮ."

"ಯಾರಾದ್ರೂ ಗೊತ್ತಿಲ್ದೆ ಮುಟ್ಟಿದ್ರೆ?"

"ಬೆರಳಿಗೆ ಅದರ ಭಾಷೆ ಬರಲ್ಲ. ಉತ್ತರ ಸಿಗಲ್ಲ. ಅದು ಕೊಡಲ್ಲ."

"ಜೋಡ್ಸೋವಾಗ ಯಾರಾದ್ರೂ ತಪ್ಪು ಮಾಡಿದ್ರೆ?"

"ಆಗಲೂ ಅಷ್ಟೆ. ದೀಪ ಹತ್ತಲ್ಲ. ಬಿಚ್ಚಿ ಮತ್ತೆ ಜೋಡಿಸೋದು."

ಅವರು ಮಡಿಲಿನ ಅರಳೆಯಲ್ಲಿ ಬೀಜ ಆರಿಸತೊಡಗಿದರು. ಆ ಮೂರನೆಯ ಪ್ರಶ್ನೆ ಯಾರ ಬಗ್ಗೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಪೆಟ್ಟಿಗೆಯ ಗುಣಗಾನದಲ್ಲಿ ನಾನು ಮುಳುಗಿಹೋಗಿದ್ದೆ. ಕೊನೆಗೆ ಅವರು, "ತಂದು ತೋರ್ಸು" ಅಂದರು.

ತಂದೆ. ಹೆಂಡತಿಯೂ ಜೊತೆಗೆ ಬಂದಿದ್ದಳು. ಅಂಗಡಿಯಲ್ಲಿ ಪೆಟ್ಟಿಗೆ ಇಟ್ಟು, ಅಂಗಳ ದಾಟಿಸಿ, ನಡುಮನೆಯ ಗೋಡೆಯ ಮೂಲೆಗುಂಟ ಕೇಬಲ್ಲನ್ನು ಒಯ್ದು ಬತ್ತಿ ಕೋಣೆಯ ಹೊಸ್ತಿಲವರೆಗೆ ತಂದು ನಿಲ್ಲಿಸಿದೆ. ದೊಡ್ಡಮ್ಮ ಹೊಸ್ತಿಲ ಒಳಗೆ, ನಾನು ಹೊರಗೆ. ಕೇಬಲ್ಲಿನ ತುದಿಯ ಬರಿಯ ತಂತಿಗಳನ್ನು ಬೆರಳುಗಳ ನಡುವೆ ಹಿಡಿದು ತೋರಿಸಿದೆ. ಕರೆಂಟಿಗೆ ಹೆದರುವ ನಾನು ನಗುಮುಖದಿಂದಲೇ ಹಿಡಿದಿದ್ದೆ ಎಂದು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ. ಹೆಂಡತಿಯ ಪ್ರಕಾರ ನನ್ನ ಕಣ್ಣು ಮುಚ್ಚಿತ್ತು. ಆಮೇಲೆ ದೊಡ್ಡಮ್ಮ ಕೈ ಚಾಚಿದರು. ಅತ್ತಿಗೆ ಬೇಡ ಬೇಡ ಅನ್ನುವಷ್ಟರಲ್ಲಿ ಎಂಟೂ ತಂತಿಗಳನ್ನು ಒಟ್ಟಿಗೆ ಹಿಡಿದು, ಬತ್ತಿಯ ಹದ ನೋಡುವ ಹಾಗೆ ಬೆರಳಲ್ಲಿ ಉರುಟಿಸಿ ನೋಡಿದರು. ಏನೂ ಆಗಲಿಲ್ಲ. "ಚೆನ್ನಾಗಿ ಹೊಸೆದವ್ರೆ" ಅಂದರು.

ನಾನು ಉತ್ಸಾಹದಿಂದ ಇಕ್ಕಳ, ಪುಟ್ಟ ಪ್ಲಗ್ಗು ತೆಗೆದುಕೊಂಡು ಒಳಗೆ ಹೆಜ್ಜೆ ಇಡಲು ಹೋದೆ.

"ನೀನು ಬುಡು" ಅಂದರು ದೊಡ್ಡಮ್ಮ. "ಮಹದೇವ ಮಾಡ್ಲಿ."

ಅಂಗಡಿಗೆ ಹೋಗಿ ನಾನೇ ಕರೆದೆ. ಮಹದೇವಣ್ಣ ಯಾರಿಗೋ ಕರ್ಪೂರ ತೂಗುತ್ತಿದ್ದ. ನಾನು ಹೇಳಿದ್ದನ್ನು ಕೇಳಿ ತಕ್ಕಡಿಯನ್ನು ಹಾಗೇ ಹಿಡಿದು ನಿಂತ. ಆಮೇಲೆ ಗಿರಾಕಿಗೆ, "ಒಂದ್ನಿಮಿಷ ಇರಿ" ಎಂದು ಹೇಳಿ, ಕೈ ತೊಳೆದು, ಬಟ್ಟೆಯಲ್ಲಿ ಒಂದಲ್ಲ ಎರಡು ಸಲ ಒರೆಸಿಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ಕೋಣೆಯ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಒಳಗೆ ಹೋಗಿ ಅಮ್ಮನ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಬಣ್ಣಗಳ ಕ್ರಮವನ್ನು ನಾನು ಹೊರಗಿನಿಂದ ಹೇಳುತ್ತ ಹೋದೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ... ಅವನು ಒಂದು ಎಳೆ ಹಿಡಿದರೆ ಇನ್ನೊಂದು ಜಾರುತ್ತಿತ್ತು. ಅಂತೂ ಪ್ಲಗ್ಗಿನೊಳಗೆ ತೂರಿಸಿ ಇಕ್ಕಳ ಒತ್ತಿ, ದೀಪದ ಪಟ್ಟಿಯ ಡಬ್ಬಿಗೆ ಸಿಕ್ಕಿಸಿದ.

ದೀಪ ಹತ್ತಲಿಲ್ಲ.

ನೀಲಿ, ಹಸಿರು ಅದಲುಬದಲಾಗಿದ್ದವು. ನನಗೆ ಅಷ್ಟು ದೂರದಿಂದಲೇ ಕಾಣುತ್ತಿತ್ತು. ಬಾಯಿ ತೆರೆಯಲು ಹೋದೆ, ಹೆಂಡತಿ ನನ್ನ ತೋಳು ಚಿವುಟಿದಳು. ಮಹದೇವಣ್ಣ ತಲೆ ಬಗ್ಗಿಸಿಕೊಂಡು ಆ ಪ್ಲಗ್ಗನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಅಷ್ಟು ದೊಡ್ಡ ವ್ಯಾಪಾರಿ, ಮಕ್ಕಳ ತಂದೆ, ಪಾಠ ಮರೆತ ಹುಡುಗನ ಹಾಗೆ ಕೂತಿದ್ದ.

"ಯಾರಿಗೂ ಏನೂ ಆಗ್ಲಿಲ್ವಲ್ಲ" ಅಂದರು ದೊಡ್ಡಮ್ಮ. "ಅವಸರ ಏನಿಲ್ಲ. ಇನ್ನೊಂದ್ ಸಲ ಮಾಡಪ್ಪ."

ಲ್ಯಾಂಪನ್ನು ಅವನ ಕೈಯ ಹತ್ತಿರಕ್ಕೆ ಸರಿಸಿಕೊಟ್ಟರು. ಅವನು ಆ ಪ್ಲಗ್ಗನ್ನು ಕತ್ತರಿಸಿ ಬಿಸಾಕಿ, ಹೊಸದು ತೆಗೆದುಕೊಂಡು, ಒಂದೊಂದೇ ಎಳೆಯನ್ನು ನೆಟ್ಟಗೆ ಮಾಡಿ, ಬಣ್ಣಗಳನ್ನು ತಾನೇ ಮೆಲ್ಲಗೆ ಹೇಳಿಕೊಳ್ಳುತ್ತ ಜೋಡಿಸಿದ. ಈ ಸಲ ಎಳೆಗಳು ಜಾರಲಿಲ್ಲ. ಸಿಕ್ಕಿಸಿದ ಮೇಲೆ ಎರಡು ಗಳಿಗೆ ಏನೂ ಇಲ್ಲ. ಅಂಗಡಿಯಲ್ಲಿ ಕೂತ ಪೆಟ್ಟಿಗೆ ವಿಚಾರಿಸುತ್ತಿತ್ತು. ಆಮೇಲೆ ಇಡೀ ಕೋಣೆ ಬೆಳ್ಳಗಾಯಿತು. ಗೋಡೆಯ ಸುಣ್ಣ, ಮೂಲೆಯ ಅರಳೆ ಚೀಲ, ಹೊಸೆದಿಟ್ಟ ಬತ್ತಿ, ಅಮ್ಮನ ಮುಖ, ಮಗನ ಮುಖ, ಎಲ್ಲ ಒಟ್ಟಿಗೆ ಕಂಡವು. ಮಹದೇವಣ್ಣ ಅಳುತ್ತಿದ್ದ. ಒಂದು ಪೆಟ್ಟಿಗೆ ಗಳಿಗೆಯಲ್ಲಿ ಕೇಳಿ ತಿಳಿದುಕೊಳ್ಳುವುದನ್ನು ಈ ಇಬ್ಬರು ಇಪ್ಪತ್ತು ಚಿಲ್ಲರೆ ವರ್ಷ ಕೇಳದೆ, ಹೇಳದೆ, ದಿನಾ ಒಂದು ಲ್ಯಾಂಪು ಇಟ್ಟು, ಇಡಿಸಿಕೊಂಡು ಕಳೆದಿದ್ದರಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ದೊಡ್ಡಮ್ಮ ಒಂದು ಬತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಅಯ್ಯೋ, ಇದನ್ನ ಮಠಕ್ಕೆ ಕಳಿಸ್ತಿದ್ನಾ ನಾನು" ಎಂದು ಪಕ್ಕಕ್ಕೆ ಎಸೆದು, ಹೊಸ ಅರಳೆ ತೆಗೆದುಕೊಂಡು ತೊಡೆಯ ಮೇಲೆ ಹೊಸೆದರು. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ ಬಂತು. ಇನ್ನೊಂದು ಹೊಸೆದರು. ಅದೂ ಹಾಗೇ. ಕಾರ್ತಿಕಕ್ಕೆ ಇನ್ನೂ ಸಮಯವಿತ್ತು. ಮೂರನೆಯದಕ್ಕೆ ಅರಳೆ ಬಿಡಿಸುತ್ತ, ಮಗನ ಕಡೆ ನೋಡದೆ ಅಂದರು: "ಅಡಿಗೆಮನೆ ಪ್ಲಗ್ಗು ಸಡಿಲ ಆಗೈತೆ ಕಣೋ. ಮಿಕ್ಸಿ ಹಾಕಿದ್ರೆ ಕಿಡಿ ಬತ್ತದೆ. ನಾಳೆ ಒಸಿ ನೋಡು."

ಅಡಿಗೆಮನೆಯ ಪ್ಲಗ್ಗು ಅಂದರೆ ಕೇಳದೆ ಸುರಿಯುವ ಅಸಲಿ ಕರೆಂಟು. ಎಲೆಕ್ಟ್ರಿಷಿಯನ್ ಬಂದು ಅದನ್ನು ಮುಟ್ಟಿದರೂ "ಹುಷಾರಪ್ಪ, ಹುಷಾರಪ್ಪ" ಎಂದು ಬಾಗಿಲಲ್ಲಿ ನಿಂತು ಜಪ ಮಾಡುತ್ತಿದ್ದವರು ಅವರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಹದೇವಣ್ಣ ಎದ್ದು, ಕಣ್ಣೊರೆಸಿಕೊಂಡು, "ನಾಳೆ ಯಾಕಮ್ಮ" ಎಂದವನೇ ನನ್ನ ಸಲಕರಣೆಯ ಡಬ್ಬಿಯಿಂದ ಸ್ಕ್ರೂಡ್ರೈವರು, ಟಾರ್ಚು ತೆಗೆದುಕೊಂಡು ಹೊರಟ. ಅಂಗಡಿಯಲ್ಲಿ ಗಿರಾಕಿ ಇನ್ನೂ ಕರ್ಪೂರಕ್ಕೆ ಕಾಯುತ್ತಿದ್ದರು.

ಹೊರಗೆ ಸಂಜೆಯಾಗಿತ್ತು. ಮಹದೇವಣ್ಣ ಮೊದಲು ಮೇನ್ ಸ್ವಿಚ್ ಆಫ್ ಮಾಡಿದ. ಅಂಗಡಿಗೂ ಮನೆಗೂ ಒಂದೇ ಮೇನು. ನಡುಮನೆ, ಅಂಗಳ, ಅಂಗಡಿ ಎಲ್ಲ ಒಮ್ಮೆಲೇ ಕತ್ತಲಾಯಿತು. ಗಲ್ಲಾದ ಕೆಳಗೆ ಯುಪಿಎಸ್ಸು ಮಾತ್ರ ಕೀಂ ಕೀಂ ಅನ್ನುತ್ತ ಪೆಟ್ಟಿಗೆಗೆ ಉಣಿಸುತ್ತಿತ್ತು, ಪೆಟ್ಟಿಗೆ ಕೇಬಲ್ಲಿಗೆ ಕೊಡುತ್ತಿತ್ತು. ಬೆಳಕಿದ್ದದ್ದು ಬತ್ತಿ ಕೋಣೆಯಲ್ಲಿ ಮಾತ್ರ. ತಡಕಾಡುತ್ತ ಅತ್ತಿಗೆ ಬಂದರು, ಮಕ್ಕಳು ಬಂದರು, ಕರ್ಪೂರದ ಗಿರಾಕಿಯೂ ದಾರಿ ಕೇಳಿಕೊಂಡು ಒಳಗೇ ಬಂದರು. ಏನಾಯಿತು, ಎಲ್ಲ ಕಡೆ ಹೋಯಿತೇ, ಯಾವಾಗ ಬರುತ್ತದೆ ಎಂದು ಎಲ್ಲರೂ ಒಟ್ಟಿಗೆ ಕೇಳಿದರು.

ದೊಡ್ಡಮ್ಮ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಮಹದೇವ ನೋಡ್ತಾವ್ನೆ, ಈಗ ಬಂದ್ಬುಡುತ್ತೆ" ಅಂದರು. "ಕೂತ್ಕಳಿ ಎಲ್ಲ."

ನಾವೆಲ್ಲ ಕೂತೆವು.